ಎರಡೂ ಕಡೆಯ ತಾರೀಕುಗಳು

ಬೆಳಿಗ್ಗೆ ಏಳೂವರೆಗೆ ಅಪ್ಪ ಪಾರ್ಕಿನಿಂದ ಫೋನ್ ಮಾಡಿ, "ಒಂದೈದು ನಿಮಿಷ ಬಂದು ಹೋಗಮ್ಮ, ಎಲ್ಲಾರೂ ನಿನ್ನೇ ಕೇಳ್ತಾ ಇದಾರೆ" ಎಂದಾಗ ರಾಗಿಣಿ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಬಚ್ಚಲುಮನೆಯ ಬಾಗಿಲಲ್ಲೇ ನಿಂತಿದ್ದಳು. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಈಚೆಗೆ ಹೀಗಾಗುತ್ತಿತ್ತು, ಒಂದು ಕೆಲಸ ಮುಗಿದು ಇನ್ನೊಂದು ಶುರುವಾಗುವ ನಡುವೆ ಎಲ್ಲೋ ಸಿಕ್ಕಿಕೊಂಡುಬಿಡುತ್ತಿದ್ದಳು. ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದ ಅಮ್ಮ, "ಹೋಗ್ಬಿಟ್ಟು ಬಾರೇ, ಅವರಿಗೂ ಒಂದು ಖುಷಿ" ಎಂದಳು. ಹಿಂದಿನ ದಿನ ಮಧ್ಯಾಹ್ನ ನಾಗರಬಾವಿಯ ಕಡೆ ಏನೋ ಭಾರಿ ಸದ್ದಾಗಿ ಕಿಟಕಿಯ ಗಾಜುಗಳು ಅದುರಿದವಂತೆ, ನೆಲದ ಚಲನೆಯ ಮೇಲೆ ಸಂಶೋಧನೆ ಮಾಡುವವಳನ್ನೇ ಕೇಳೋಣವೆಂದು ಅಪ್ಪನ ಗೆಳೆಯರು ಕಾದಿದ್ದರು. ಬಸವೇಶ್ವರನಗರದ ಆ ಪಾರ್ಕಿನ ಸಿಮೆಂಟು ಬೆಂಚಿನ ಮೇಲೆ ಅಪ್ಪ ಚಕ್ರಪಾಣಿಯವರು, ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ವಿಜ್ಞಾನ ಹೇಳಿಕೊಟ್ಟವರು, ಈಗಲೂ ಯಾರಾದರೂ ಪ್ರಶ್ನೆ ಕೇಳಿದರೆ ಎದ್ದು ನಿಂತು ಉತ್ತರ ಹೇಳುವವರು, ಮಗಳು ಗೇಟು ದಾಟಿ ಬರುವುದನ್ನು ಕಂಡು ಎದ್ದು ನಿಂತರು. ಕಲ್ಲು ಕ್ವಾರಿಯ ಸಿಡಿತವೋ ವಿಮಾನದ ಸದ್ದೋ ಇರಬಹುದು, ಭೂಕಂಪವಾಗಿದ್ದರೆ ಯಂತ್ರಗಳಲ್ಲಿ ದಾಖಲಾಗಿರುತ್ತಿತ್ತು ಎಂದು ಅವಳು ಹೇಳಿದಳು. ಯಾರಿಗೂ ಅದು ರುಚಿಸಲಿಲ್ಲ. ಬ್ಯಾಂಕಿನಿಂದ ನಿವೃತ್ತರಾದ ಅರುಣ್ ಕುಮಾರ್, "ಅದ್ಯಾವಾಗ ಆಗುತ್ತೆ ಅಂತ ಮೊದಲೇ ಹೇಳ್ಬಿಡಿ ಮೇಡಂ, ಅಷ್ಟರೊಳಗೆ ಮೇಲಿನ ಫ್ಲೋರ್ ಬಾಡಿಗೆಗೆ ಕೊಟ್ಟು ನಾನು ಮೈಸೂರಿಗೆ ಹೋಗ್ಬಿಡ್ತೀನಿ" ಎಂದರು. ಎಲ್ಲರೂ ನಕ್ಕರು. ಅಪ್ಪ ಮಾತ್ರ ನಗದೆ, "ತಮಾಷೆ ಅಲ್ಲ ಅರುಣ್ ಕುಮಾರ್. ನೆಲ ಎರಡು ಮಿಲಿಮೀಟರ್ ಸರಿದ್ರೂ ಇವಳ ಕಂಪ್ಯೂಟರ್ ಮಾಡೆಲ್ ಹಿಡಿಯುತ್ತೆ. ನೂರಕ್ಕೆ ತೊಂಬತ್ತನಾಲ್ಕು ಸಲ ಕರೆಕ್ಟು" ಎಂದರು. ಆ ಸಂಖ್ಯೆಯನ್ನು ಅವರು ಉಚ್ಚರಿಸಿದ ರೀತಿಗೆ ರಾಗಿಣಿಯ ಕುತ್ತಿಗೆ ಬಿಸಿಯಾಯಿತು. ತಡವಾಯಿತೆಂದು ಹೇಳಿ, ನಗುವಂಥದ್ದೇನನ್ನೋ ಮುಖದ ಮೇಲೆ ತಂದುಕೊಂಡು ಹೊರಟುಬಂದಳು. ಮನೆಗೆ ಬಂದರೆ ತಟ್ಟೆಯಲ್ಲಿ ಅವಲಕ್ಕಿ ಆರಿಹೋಗಿತ್ತು.

ವಿಜಯನಗರದವರೆಗೆ ಬಸ್ಸು, ಅಲ್ಲಿಂದ ಕೆಂಗೇರಿಗೆ ಮೆಟ್ರೋ. ಆರು ವರ್ಷದಿಂದ ಸಂಶೋಧನಾ ಕೇಂದ್ರಕ್ಕೆ ಇದೇ ಓಡಾಟ. ಮೆಟ್ರೋದ ಬಾಗಿಲಿಗೆ ಒರಗಿ ನಿಂತವಳಿಗೆ ಆ ಸೋಮವಾರ ಮತ್ತೆ ನೆನಪಿಗೆ ಬಂತು, ದಿನವೂ ಬರುವ ಹಾಗೆ. ಇವತ್ತಿಗೆ ಇಪ್ಪತ್ತೆರಡು ದಿನ. ಪಿಎಚ್‌ಡಿಯ ಕೊನೆಯ ಸೆಮಿನಾರಿಗೆಂದು ಪಟ್ಟಿಯೊಂದನ್ನು ಅಚ್ಚುಕಟ್ಟು ಮಾಡುತ್ತಿದ್ದಳು. ಅವಳ ಕೆಲಸ ಕಛ್ ಸೀಮೆಯಲ್ಲಿ ಭೂಕಂಪ ಹುಟ್ಟಿಸುವ ನೆಲದಾಳದ ಒಂದು ಬಿರುಕಿನ ಮೇಲೆ. ಉಪಗ್ರಹ ಹನ್ನೆರಡು ದಿನಕ್ಕೊಮ್ಮೆ ಅದೇ ದಾರಿಯಲ್ಲಿ ಹಾದುಹೋಗುತ್ತಾ ನೆಲಕ್ಕೆ ರೇಡಾರ್ ಅಲೆಯನ್ನು ಬಿಟ್ಟು ಹಿಂದಿರುಗಿ ಬಂದದ್ದನ್ನು ಹಿಡಿದಿಡುತ್ತದೆ. ಎರಡು ಬೇರೆ ಬೇರೆ ದಿನಗಳ ಚಿತ್ರಗಳನ್ನು ಜೋಡಿ ಮಾಡಿ ನೋಡಿದರೆ ನಡುವೆ ನೆಲ ಎಷ್ಟು ಸರಿದಿದೆ ಎಂದು ತಿಳಿಯುತ್ತದೆ. ತೊಂದರೆಯೆಂದರೆ ಆ ದಿನ ಗಾಳಿಯಲ್ಲಿದ್ದ ತೇವವೂ ಅಲೆಯನ್ನು ತಡವಾಗಿಸಿ, ಸರಿಯದ ನೆಲವನ್ನು ಸರಿದಂತೆ ತೋರಿಸುತ್ತದೆ. ಯಾವುದು ನೆಲ, ಯಾವುದು ಬರೀ ತೇವ ಎಂದು ಬೇರೆ ಮಾಡಲು ಕಂಪ್ಯೂಟರಿಗೆ ಕಲಿಸುವುದೇ ಅವಳ ಪ್ರಬಂಧ. ಸಾವಿರಾರು ಜೋಡಿಗಳನ್ನು ಕಲೆಸಿ, ಐದರಲ್ಲಿ ನಾಲ್ಕು ಪಾಲನ್ನು ಕಲಿಸುವುದಕ್ಕೂ ಉಳಿದ ಒಂದು ಪಾಲನ್ನು ಪರೀಕ್ಷೆಗೂ ಇಟ್ಟಿದ್ದಳು. ಆ ಸೋಮವಾರ ಮಧ್ಯಾಹ್ನ, ಬರೀ ಅಂದಕ್ಕೆಂದು, ಪಟ್ಟಿಯನ್ನು ತಾರೀಕಿನ ಪ್ರಕಾರ ಜೋಡಿಸಿದಳು. ಜುಲೈ ಒಂಬತ್ತು ಕಲಿಕೆಯ ಕಡೆಯೂ ಇತ್ತು, ಪರೀಕ್ಷೆಯ ಕಡೆಯೂ ಇತ್ತು. ಜುಲೈ ಇಪ್ಪತ್ತೊಂದೂ ಇತ್ತು. ಆಗಸ್ಟ್ ಎರಡೂ. ಒಂದೊಂದು ದಿನದ ಚಿತ್ರವೂ ಹತ್ತಾರು ಜೋಡಿಗಳಲ್ಲಿ ಇರುವುದರಿಂದ, ಜೋಡಿ ಬೇರೆಯಾದರೂ ಅದರೊಳಗಿನ ಆ ದಿನದ ಗಾಳಿ ಮಾಡೆಲ್‌ಗೆ ಮೊದಲೇ ಗೊತ್ತಿತ್ತು. ಪ್ರಶ್ನೆಪತ್ರಿಕೆಯನ್ನು ಹಿಂದಿನ ದಿನವೇ ಹುಡುಗನ ಮನೆಗೆ ಕೊಟ್ಟು ಕಳಿಸಿ, ಮಾರನೆಯ ದಿನ ತೊಂಬತ್ತನಾಲ್ಕು ತೆಗೆದನೆಂದು ಬೆನ್ನು ತಟ್ಟಿದಂತಾಗಿತ್ತು. ಒಂದು ಕಡೆಯ ತಾರೀಕು ಇನ್ನೊಂದು ಕಡೆ ಬರದಂತೆ ಬೇರೆ ಮಾಡಿ ಮತ್ತೆ ಓಡಿಸಿದಳು. ಅರವತ್ತೊಂದು ಬಂತು. ಅಷ್ಟನ್ನು ಮಾಡೆಲ್ಲೇ ಇಲ್ಲದೆ, ಹವಾಮಾನದ ಅಂಕಿಗಳನ್ನಿಟ್ಟುಕೊಂಡೂ ತೆಗೆಯಬಹುದಿತ್ತು. ಆ ಫೈಲಿಗೆ ಗುರುತು ಸಿಗದ ಹೆಸರಿಟ್ಟು ಮುಚ್ಚಿ, ಕ್ಯಾಂಟೀನಿಗೆ ಹೋಗಿ, ಒಂದು ಮಸಾಲೆ ದೋಸೆ ಪೂರ್ತಿ ತಿಂದಿದ್ದಳು. ಎಲ್ಲಕ್ಕಿಂತ ಅದೇ ಅವಳನ್ನು ಈಗಲೂ ಕಾಡುವುದು. ಹಸಿವಾಗಿತ್ತು, ತಿಂದಿದ್ದಳು.

ನಾಯಂಡಹಳ್ಳಿಯಲ್ಲಿ ಬಾಗಿಲು ತೆರೆದಾಗ ವೃಷಭಾವತಿ ಕಾಲುವೆಯ ಕೊಳಚೆ ವಾಸನೆಯ ಜೊತೆಗೇ ಕೀರ್ತನಾ ಒಳಗೆ ಬಂದಳು. ಮೂರನೆಯ ವರ್ಷದ ಸಂಶೋಧನೆಯ ಹುಡುಗಿ. ಅದೇ ಲ್ಯಾಬಿನಲ್ಲಿ ಪಕ್ಕದ ಕುರ್ಚಿ. ಕೈಯಲ್ಲಿ ಸ್ಟೀಲ್ ಡಬ್ಬಿಯಿತ್ತು. "ಅಮ್ಮ ಹುರಿಹಿಟ್ಟು ಕಳ್ಸಿದಾರೆ ಅಕ್ಕ, ನಿಮ್ಮಮ್ಮಂಗೆ." ಡಬ್ಬಿಯನ್ನು ಎರಡೂ ಕೈಯಲ್ಲಿ ಕೊಟ್ಟು, ಕಿಟಕಿಯಾಚೆ ಗೋದಾಮುಗಳ ತಗಡಿನ ಸೂರುಗಳನ್ನು ನೋಡುತ್ತಾ, "ಇವತ್ತು ಸರ್‌ಗೆ ಲೆಟರ್ ಕೊಡ್ತಾ ಇದೀನಿ ಅಕ್ಕ" ಎಂದಳು.

"ಯಾವ ಲೆಟರು?"

"ಬಿಡ್ತಾ ಇದೀನಿ. ಮಾಗಡಿ ರೋಡಲ್ಲಿ ಒಂದು ಕಾಲೇಜಲ್ಲಿ ಪಾಠಕ್ಕೆ ಕರೆದಿದಾರೆ. ನಂಗೆ ಇದು ಆಗಲ್ಲ ಅಕ್ಕ. ಐದು ತಿಂಗಳಿಂದ ಕೋಡ್ ಒಂದೊಂದು ಸಾಲೂ ನೋಡಿದೀನಿ. ತಾರೀಕು ಬೇರೆ ಮಾಡಿದ್ರೆ ನಿಮ್ಮ ತೊಂಬತ್ತನಾಲ್ಕು ನಂಗೆ ಬರ್ತಾನೇ ಇಲ್ಲ. ಎಲ್ಲಿ ತಪ್ಪು ಮಾಡ್ತಿದೀನಿ ಅಂತಾನೂ ಗೊತ್ತಾಗ್ತಿಲ್ಲ."

ರಾಗಿಣಿ ಮೇಲಿನ ಹಿಡಿಕೆಯನ್ನು ಬಿಗಿಯಾಗಿ ಹಿಡಿದಳು. ಆಗಸ್ಟಿನ ಲ್ಯಾಬ್ ಮೀಟಿಂಗಿನಲ್ಲಿ ಕೀರ್ತನಾ ಹಸಿರು ಚೂಡಿದಾರ್ ಹಾಕಿಕೊಂಡಿದ್ದಳು, ಇಂಗ್ಲಿಷಿನ ವಾಕ್ಯಗಳನ್ನು ಕಾಗದದಲ್ಲಿ ಬರೆದುಕೊಂಡು ಬಂದಿದ್ದಳು. ತಾನು ತಾರೀಕುಗಳನ್ನು ಬೇರೆ ಮಾಡಿ ಪರೀಕ್ಷಿಸಿದ್ದಾಗಿಯೂ, ಅರವತ್ತೆರಡು ಮಾತ್ರ ಬರುತ್ತಿರುವುದಾಗಿಯೂ ಹೇಳಿದಾಗ ರಾಗಿಣಿ, ಎಂಟು ಜನರ ಎದುರಿಗೆ, ಒಳ್ಳೆಯ ಇಂಗ್ಲಿಷಿನಲ್ಲಿ, ನಗುತ್ತಲೇ, ಹಾಗೆ ಬೇರೆ ಮಾಡಿದರೆ ಕಲಿಸಲು ಮಾದರಿಗಳೇ ಸಾಲುವುದಿಲ್ಲವೆಂದೂ, ಮೊದಲು ಮೂಲಪಾಠಗಳನ್ನು ಗಟ್ಟಿ ಮಾಡಿಕೊಂಡು ಬರಬೇಕೆಂದೂ ಹೇಳಿದ್ದಳು. ಯಾರೋ ಮೆಲ್ಲಗೆ ನಕ್ಕಿದ್ದರು. ಆಗ ತನ್ನ ತಪ್ಪು ರಾಗಿಣಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅದೊಂದು ಸಮಾಧಾನ ಇಷ್ಟು ದಿನ ಉಳಿದಿತ್ತು. ಆದರೆ ಒಂಬತ್ತು ದಿನದ ಹಿಂದಿನ ಭಾನುವಾರಕ್ಕೆ ಆ ಸಮಾಧಾನ ಒದಗುತ್ತಿರಲಿಲ್ಲ. ಅವತ್ತು ಕೀರ್ತನಾ ಊಟಕ್ಕೆ ಕರೆದಿದ್ದಳು. ನಾಯಂಡಹಳ್ಳಿಯ ಹಳೆ ಊರಿನ ಒಳಗೆ, ಎರಡು ವರ್ಕ್‌ಶಾಪುಗಳ ನಡುವೆ ಸಿಕ್ಕಿಕೊಂಡ ಮನೆ. ಹಿತಕಿದ ಅವರೆಬೇಳೆ ಸಾರು, ಮುದ್ದೆ. ನಿಮಗೋಸ್ಕರ ಹೊಸ ಪಾತ್ರೆಯಲ್ಲಿ ಮಾಡಿದ್ದೀನಿ ಎಂದು ಕೀರ್ತನಾಳ ಅಮ್ಮ ಬೋರಮ್ಮ ಎರಡು ಸಲ ಹೇಳಿದರು. ಎರಡನೆಯ ಸಲ ಹೇಳಿದಾಗ ರಾಗಿಣಿಗೆ ನೆಲ ನೋಡುವಂತಾಯಿತು. ಕೈ ತೊಳೆಯಲು ಹಿತ್ತಲಿಗೆ ಹೋದಾಗ ಬೈರಪ್ಪ, ಕೀರ್ತನಾಳ ಅಪ್ಪ, ಚೊಂಬು ಹಿಡಿದು ಹಿಂದೆ ಬಂದವರು ದನಿ ತಗ್ಗಿಸಿ ಕೇಳಿದ್ದರು. "ಮೇಡಂ, ನಮ್ ಹುಡ್ಗಿ ತಲೆಗೆ ಇದು ಹತ್ತುತ್ತಾ? ನಿಜ ಹೇಳ್ಬಿಡಿ. ನಮ್ಗೇನೂ ತಿಳಿಯಾಕಿಲ್ಲ, ನೀವು ಹೇಳಿದ್ದೇ ಸರಿ." ನೀರು ಕೈಮೇಲೆ ಸುರಿಯುತ್ತಿತ್ತು. "ಸ್ವಲ್ಪ ಕಷ್ಟ ಇದೆ ಅಂಕಲ್. ನೋಡೋಣ" ಎಂದಿದ್ದಳು ಅವಳು. ಗೊತ್ತಿದ್ದೂ ಅಂದಿದ್ದಳು. ಬೈರಪ್ಪ ತಲೆಯಾಡಿಸಿ, ಹೆಗಲ ಮೇಲಿನ ಟವೆಲ್ಲನ್ನು ಕೈ ಒರೆಸಿಕೊಳ್ಳಲು ಕೊಟ್ಟಿದ್ದರು.

"ಇವತ್ತೇ ಕೊಡ್ಬೇಡ ಕೀರ್ತನಾ. ನಾಳೆ ಕೊಡು" ಎಂದಳು ಈಗ.

"ನಾಳೆ ಕೊಟ್ರೆ ಏನಾಗುತ್ತಕ್ಕ?"

ರಾಗಿಣಿ ಹುರಿಹಿಟ್ಟಿನ ಡಬ್ಬಿಯನ್ನು ಬ್ಯಾಗಿಗೆ ತುರುಕುವಷ್ಟರಲ್ಲಿ ಜ್ಞಾನಭಾರತಿ ದಾಟಿ ಹೋಯಿತು. ಕೆಂಗೇರಿಯಲ್ಲಿ ಇಳಿದು ಶೇರ್ ಆಟೋದಲ್ಲಿ ಒಬ್ಬರ ಮೊಣಕಾಲು ಒಬ್ಬರಿಗೆ ತಾಗಿಸಿಕೊಂಡು ಕೂತರು.

ಅವರ ಸಂಶೋಧನಾ ಕೇಂದ್ರ ಕೆಂಗೇರಿಯಿಂದ ಆಚೆ, ಲೇಔಟುಗಳು ಮುಗಿದೂ ಮುಗಿಯದ ಜಾಗದಲ್ಲಿತ್ತು. ರಾಗಿಣಿ ಬ್ಯಾಗನ್ನೂ ಇಳಿಸದೆ ಗೈಡ್ ಯೋಗಾನಂದ ಅವರ ಕೋಣೆಗೆ ಹೋದಳು. ಮಾರ್ಚಿಗೆ ಅವರ ನಿವೃತ್ತಿ. ಗೋಡೆಯ ಕಪಾಟುಗಳು ಅರ್ಧ ಖಾಲಿಯಾಗಿದ್ದವು, ಪುಸ್ತಕಗಳಿದ್ದ ಕಡೆ ಧೂಳಿಲ್ಲದ ಚೌಕಗಳು ಉಳಿದಿದ್ದವು. ಅವರು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಟ್ಟರು. ಗುರುವಾರದ ಸೆಮಿನಾರಿಗೆ ಹೊರಗಿನ ಪರೀಕ್ಷಕರು ಒಪ್ಪಿದ್ದಾರೆಂದೂ ಊಟಕ್ಕೆ ಹೇಳಿಯಾಯಿತೆಂದೂ ತಿಳಿಸಿದರು. ತಾರೀಕುಗಳ ವಿಷಯವನ್ನು ಅವಳು ನಿಂತೇ ಹೇಳಿದಳು. ಮೂರು ವಾಕ್ಯಕ್ಕೇ ಎಲ್ಲ ಮುಗಿದುಹೋದದ್ದು ಅವಳಿಗೇ ಆಶ್ಚರ್ಯ. ಇಪ್ಪತ್ತೆರಡು ದಿನ ಹೊತ್ತದ್ದು ಇಷ್ಟೇ ಇತ್ತೇ? ಯೋಗಾನಂದ ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಮೂಗಿನ ಮೇಲಿನ ಗುರುತನ್ನು ಉಜ್ಜಿಕೊಂಡರು.

"ಆಗಸ್ಟಲ್ಲಿ ಆ ಹುಡುಗಿ ಅರವತ್ತೆರಡು ಅಂದಾಗ ನಂಗೂ ಒಂದು ಅನುಮಾನ ಬಂದಿತ್ತಮ್ಮ. ನೀನು ಅಷ್ಟು ಧೈರ್ಯವಾಗಿ ಹೇಳಿದೆಯಲ್ಲ, ಸರಿ ಬಿಡು ಅಂದ್ಕೊಂಡು ಸುಮ್ಮನಾದೆ."

ರಾಗಿಣಿ ಎದುರಿನ ಕುರ್ಚಿಯಲ್ಲಿ ಕುಳಿತಳು. ಅವರೇನಾದರೂ ಕೂಗಾಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಈಗ ಏನ್ಮಾಡ್ಲಿ ಸರ್?"

"ಗುರುವಾರ ಮುಗಿಸಿಬಿಡು. ಪ್ರಬಂಧದಲ್ಲಿ ಮಿತಿಗಳು ಅಂತ ಒಂದು ಭಾಗ ಇರುತ್ತಲ್ಲ, ಅಲ್ಲೊಂದು ಸಾಲು ಬರಿ. ಎಲ್ಲಾರೂ ಹಾಗೇ ಕಲೆಸಿ ಮಾಡ್ತಾರೆ, ನೀನೊಬ್ಬಳೇ ಅಲ್ಲ. ನಾನೂ ಮಾರ್ಚಿಗೆ ಹೋಗ್ತೀನಿ. ಈಗ ನಿಲ್ಲಿಸಿದ್ರೆ ನಿಂಗೆ ಹೊಸ ಗೈಡು, ಹೊಸದಾಗಿ ಎರಡು ವರ್ಷ. ನಿಂಗೂ ಮೂವತ್ತನಾಲ್ಕಾಯ್ತು." ಅವರ ದನಿಯಲ್ಲಿ ಕಪಟವಿರಲಿಲ್ಲ, ದಣಿದ ಮನುಷ್ಯ ಇನ್ನೊಬ್ಬ ದಣಿದವರಿಗೆ ಹತ್ತಿರದ ದಾರಿ ತೋರಿಸುವಂತಿತ್ತು. ಆ ದಾರಿ ಎಷ್ಟು ಸಲೀಸಾಗಿತ್ತೆಂದರೆ, ಒಂದು ಕ್ಷಣ ಅವಳು ಅದರ ಮೇಲೆ ಹೆಜ್ಜೆಯಿಟ್ಟೂ ನೋಡಿದಳು. ಗುರುವಾರ ಸಂಜೆ ಮನೆಗೆ ಸಿಹಿ ಒಯ್ಯುವುದು, ಅಪ್ಪನ ಮುಖ, ಶುಕ್ರವಾರ ಬೆಳಿಗ್ಗೆ ಎದ್ದರೆ ಮಾಡಬೇಕಾದ್ದೇನೂ ಇಲ್ಲದಿರುವುದು. ಬರೀ ಒಂದು ಸಾಲು.

"ಕೀರ್ತನಾ ಬಿಡ್ತಾಳಂತೆ ಸರ್."

"ಹೂಂ, ಆಗಲೇ ಬಂದು ಕೊಟ್ಟಳಲ್ಲ." ಅವರು ಕಾಗದಗಳ ಅಡಿಯಿಂದ ಬಿಳಿಯ ಲಕೋಟೆಯೊಂದನ್ನು ಅರ್ಧ ಎಳೆದು ತೋರಿಸಿದರು. ರಾಗಿಣಿ ಗೇಟಿನ ಹತ್ತಿರ ರಿಜಿಸ್ಟರಿಗೆ ಸಹಿ ಮಾಡುತ್ತಾ ನಿಂತಿದ್ದಾಗಲೇ ಕೀರ್ತನಾ ನೇರ ಇಲ್ಲಿಗೆ ಬಂದಿರಬೇಕು. "ಪಾಪ, ಅವಳಿಗೆ ಅದೇ ಒಳ್ಳೇದು. ಇಲ್ಲಿ ಇದ್ದು ಒದ್ದಾಡೋದಕ್ಕಿಂತ ಪಾಠ ಮಾಡ್ಕೊಂಡು ಆರಾಮಾಗಿರ್ತಾಳೆ."

ಅದೇ ಒಳ್ಳೇದು ಎಂಬ ಮಾತು ತನ್ನದೇ ಬಾಯಿಂದ ಬಂದಂತೆ ಕೇಳಿಸಿತು ರಾಗಿಣಿಗೆ. ಆ ಭಾನುವಾರದ ಊಟದಿಂದೀಚೆಗೆ ಅವಳೂ ಹಾಗೇ ಅಂದುಕೊಳ್ಳುತ್ತಾ ಬಂದಿದ್ದಳು. ಕೀರ್ತನಾ ಹೋದರೆ ಪಕ್ಕದ ಕುರ್ಚಿ ಖಾಲಿಯಾಗುತ್ತದೆ, ಖಾಲಿ ಕುರ್ಚಿ ಏನನ್ನೂ ಕೇಳುವುದಿಲ್ಲ. ಇಂದು ಮೆಟ್ರೋದಲ್ಲಿ ಲೆಟರ್ ಎಂಬ ಮಾತು ಕಿವಿಗೆ ಬಿದ್ದಾಗ ಮೊದಲು ಹುಟ್ಟಿದ್ದು ದುಃಖವಲ್ಲ, ನಿರಾಳ. ಅದನ್ನು ಈಗ ತಾನೇ ಗುರುತಿಸಿದಳು. ಕಾಫಿ ಹಾಗೇ ಬಿಟ್ಟು ಎದ್ದಳು.

ಲ್ಯಾಬಿನಲ್ಲಿ ಕೀರ್ತನಾ ತನ್ನ ಕಂಪ್ಯೂಟರಿನ ಮುಂದೆ ಕುಳಿತು ಹಳೆಯ ಫೈಲುಗಳನ್ನು ಒಂದೊಂದಾಗಿ ಅಳಿಸುತ್ತಿದ್ದಳು. ಮೇಜಿನ ಮೇಲೆ ಅಟೆಂಡರ್ ಮುನಿರಾಜು ಅವರಿಗೆ ಹಿಂತಿರುಗಿಸಬೇಕಾದ ಬೀಗದ ಕೈ, ಗುರುತಿನ ಚೀಟಿ. ಉಳಿದವರು ಚಹಾಕ್ಕೆ ಹೋಗಿದ್ದರು.

"ಅಳಿಸ್ಬೇಡ" ಎಂದಳು ರಾಗಿಣಿ.

"ಇಲ್ಲ ಅಕ್ಕ, ಗುರುವಾರಕ್ಕೆ ನಿಮ್ಗೆ ಜಾಗ ಬೇಕಾಗುತ್ತಲ್ಲ."

"ಕೀರ್ತನಾ, ನಿನ್ನದು ಸರಿ ಇದೆ. ಆಗಸ್ಟಿಂದಲೂ ಸರಿ ಇದೆ. ತಪ್ಪಾಗಿರೋದು ನನ್ನದು."

ಕೀರ್ತನಾ ತಿರುಗಿ, ಹೋಗುವವರಿಗೆ ಹೇಳುವ ಸಮಾಧಾನವಿದು ಎಂಬಂತೆ ಸಣ್ಣಗೆ ನಕ್ಕಳು. "ಬಿಡಿ ಅಕ್ಕ. ನೀವು ಬೇಜಾರು ಮಾಡ್ಕೋಬೇಡಿ." ರಾಗಿಣಿ ತನ್ನ ಕುರ್ಚಿಯಲ್ಲಿ ಕುಳಿತು, ಗುರುತು ಸಿಗದ ಹೆಸರಿನ ಆ ಫೈಲನ್ನು ತೆರೆದು, ಪರದೆಯನ್ನು ಅವಳ ಕಡೆಗೆ ತಿರುಗಿಸಿದಳು. ಎಡಕ್ಕೆ ಕಲಿಕೆ, ಬಲಕ್ಕೆ ಪರೀಕ್ಷೆ. ಕೀರ್ತನಾ ಮುಂದಕ್ಕೆ ಬಗ್ಗಿ, ತುಟಿ ಅಲುಗಿಸುತ್ತಾ ಓದಿದಳು. ಜುಲೈ ಒಂಬತ್ತು. ಜುಲೈ ಇಪ್ಪತ್ತೊಂದು. ಒಂದು ಬೆರಳು ಎಡಗಡೆಯ ಸಾಲಿನ ಮೇಲೆ, ಇನ್ನೊಂದು ಬಲಗಡೆಯದರ ಮೇಲೆ, ಎರಡೂ ಒಟ್ಟೊಟ್ಟಿಗೆ ಕೆಳಗಿಳಿದವು. ಕೊನೆಯಲ್ಲಿದ್ದ ಅರವತ್ತೊಂದರ ಮೇಲೆ ನಿಂತವು.

"ಇದನ್ನ ಯಾವಾಗ ನೋಡಿದ್ರಿ?"

"ಇಪ್ಪತ್ತೆರಡು ದಿನ ಆಯ್ತು."

ಕೀರ್ತನಾ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿರುವುದು ರಾಗಿಣಿಗೆ ಕಾಣಿಸಿತು. ಆ ಲೆಕ್ಕ ಎಲ್ಲಿಗೆ ಹೋಗಿ ಮುಟ್ಟುತ್ತದೆಂದೂ ಗೊತ್ತಿತ್ತು. ತಡೆಯುವ ದಾರಿಯಿರಲಿಲ್ಲ.

"ಹಾಗಾದ್ರೆ ನೀವು ನಮ್ಮನೇಗೆ ಊಟಕ್ಕೆ ಬಂದಾಗ..."

"ಗೊತ್ತಿತ್ತು."

"ಅವತ್ತು ರಾತ್ರಿ ನಮ್ಮಪ್ಪ ನನ್ನ ಕೂರಿಸ್ಕೊಂಡು ಹೇಳಿದ್ರು, ಸಾಕು ಬಿಡವ್ವ, ಮೇಡಮ್ಮೇ ಕಷ್ಟ ಅಂದ್ರು ಅಂತ." ಅವಳ ದನಿ ಏರಲಿಲ್ಲ. "ಅದಕ್ಕೇ ಕಾಲೇಜಿಗೆ ಅರ್ಜಿ ಹಾಕ್ದೆ ನಾನು."

ರಾಗಿಣಿ ಏನನ್ನೋ ಹೇಳಲು ಹೊರಟಳು. ಕ್ಷಮಿಸು ಎಂಬುದು ಬಾಯಿಯವರೆಗೆ ಬಂದು, ಅದನ್ನು ಹೇಳಿದರೆ ಕೀರ್ತನಾ ಪರವಾಗಿಲ್ಲ ಎನ್ನಬೇಕಾಗುತ್ತದೆ, ಅವಳ ಅಭ್ಯಾಸವೇ ಅದು ಎನ್ನಿಸಿ ಸುಮ್ಮನಾದಳು. ಕೀರ್ತನಾ ಎದ್ದು ನಿಂತಳು. ಮೇಜಿನ ಮೇಲಿದ್ದ ಬೀಗದ ಕೈಯನ್ನು ನೋಡಿ, ತೆಗೆದು ಬ್ಯಾಗಿನೊಳಗೆ ಹಾಕಿಕೊಂಡಳು. "ಬನ್ನಿ, ಸರ್ ಹತ್ರ ಹೋಗೋಣ" ಎಂದು ಮುಂದೆ ನಡೆದಳು, ರಾಗಿಣಿ ಹಿಂದೆ. ಮೂರು ವರ್ಷದಲ್ಲಿ ಆ ಕಾರಿಡಾರಿನಲ್ಲಿ ಅವಳು ಕೀರ್ತನಾಳ ಹಿಂದೆ ನಡೆದದ್ದು ನೆನಪಿರಲಿಲ್ಲ.

ಯೋಗಾನಂದ ಇಬ್ಬರನ್ನೂ ಒಟ್ಟಿಗೆ ಕಂಡು, ಕೇಳದೆಯೇ ಅರ್ಥ ಮಾಡಿಕೊಂಡು ಲಕೋಟೆಯನ್ನು ಹೊರಗೆಳೆದು ಮೇಜಿನ ಅಂಚಿಗಿಟ್ಟರು. ಕೀರ್ತನಾ ಅದನ್ನು ತೆಗೆದುಕೊಂಡಳು. "ಸರ್, ನನ್ನ ಪ್ರಗತಿ ರಿಪೋರ್ಟಲ್ಲಿ ತೃಪ್ತಿಕರವಲ್ಲ ಅಂತ ಬರೆದಿದೀರಿ. ಅದನ್ನ ತಿದ್ದಿ ಕೊಡಿ" ಎಂದಳು. ಲಕೋಟೆಯನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡಳು. ಯೋಗಾನಂದ ಆಯಿತಮ್ಮ ಎಂದರು. ಗುರುವಾರದ ಸೆಮಿನಾರು ರದ್ದಾಗಬೇಕೆಂದು ರಾಗಿಣಿಯೇ ಹೇಳಿದಳು. ತೊಂಬತ್ತನಾಲ್ಕರ ಬಗ್ಗೆ ಪ್ರಕಟವಾಗಿದ್ದ ತನ್ನ ಲೇಖನಕ್ಕೆ ತಿದ್ದುಪಡಿ ಹೋಗಬೇಕು, ಅದರಲ್ಲಿ ತಪ್ಪನ್ನು ಮೊದಲು ತೋರಿಸಿದವಳೆಂದು ಕೀರ್ತನಾಳ ಹೆಸರಿರಬೇಕು. ಯೋಗಾನಂದ ಅವಳನ್ನೇ ನೋಡುತ್ತಾ, "ಆಮೇಲೆ ನಿನ್ನ ಪರವಾಗಿ ಮಾತಾಡೋಕೆ ನಾನು ಇಲ್ಲಿರಲ್ಲ, ನೆನಪಿಟ್ಕೋ" ಎಂದರು. ರಾಗಿಣಿ ಪರೀಕ್ಷಕರಿಗೆ ಪತ್ರವನ್ನು ಅವರ ಎದುರೇ ಟೈಪ್ ಮಾಡಿದಳು. ಇನ್ನೂ ಎರಡು ವರ್ಷ. ಕಳಿಸುವ ಗುಂಡಿ ಒತ್ತಿದಾಗ ಎದೆಯಲ್ಲಿ ಏನೂ ಆಗಲಿಲ್ಲ. ಕಣ್ಣು ಮಾತ್ರ ಉರಿಯುತ್ತಿತ್ತು, ನಿದ್ದೆಗೆಟ್ಟವರ ಹಾಗೆ. ಮನೆಯಲ್ಲಿ ಹೇಗೆ ಹೇಳುವುದು ಎಂಬುದನ್ನು ಸಂಜೆಗೆ ಬಿಟ್ಟಳು.

ಹೊರಗೆ ಬಂದ ಮೇಲೆ ಕೀರ್ತನಾ ಕಿಟಕಿಯ ಹತ್ತಿರ ನಿಂತು ಫೋನ್ ತೆಗೆದು, ಒತ್ತಿ, ರಿಂಗಾಗುತ್ತಿರುವಾಗಲೇ ರಾಗಿಣಿಯ ಕೈಗೆ ಕೊಟ್ಟಳು. "ನಮ್ಮಪ್ಪ. ನೀವೇ ಹೇಳಿ." ಬೈರಪ್ಪ ಎತ್ತಿದಾಗ ಹಿಂದೆ ಯಾವುದೋ ವರ್ಕ್‌ಶಾಪಿನಲ್ಲಿ ಕಬ್ಬಿಣ ಉಜ್ಜುವ ಸದ್ದು ಕೇಳುತ್ತಿತ್ತು. ರಾಗಿಣಿ ತನ್ನ ಹೆಸರು ಹೇಳಿದಳು. ತಾರೀಕು, ಜೋಡಿ, ಪರೀಕ್ಷೆ ಎಂದೆಲ್ಲ ಶುರುಮಾಡಿ, ಅದ್ಯಾವುದೂ ಬೇಡವೆಂದು ನಿಲ್ಲಿಸಿ, "ಅಂಕಲ್, ಕೀರ್ತನಾ ಮಾಡಿದ್ದೇ ಸರಿ ಇತ್ತು. ತಪ್ಪು ನಂದು. ಅದು ಗೊತ್ತಿದ್ದೂ ನಿಮ್ಮ ಹತ್ರ ಆವತ್ತು ಹಾಗಂದೆ" ಎಂದಳು. ಅಲ್ಲಿ ಸದ್ದು ನಿಂತಿತು. ಅವರು ಮನೆಯೊಳಗೆ ಬಂದಿರಬೇಕು.

"ಅವ್ಳು ಆವತ್ತಿಂದ ಸರ್ಯಾಗಿ ಉಂಡಿಲ್ಲ ಮೇಡಂ" ಎಂದರು ಬೈರಪ್ಪ. ಸಿಟ್ಟಿರಲಿಲ್ಲ, ವಿಷಯ ತಿಳಿಸುತ್ತಿದ್ದರು ಅಷ್ಟೇ. ರಾಗಿಣಿ ಹೂಂ ಎಂದಳು. ಇನ್ನೇನನ್ನಾದರೂ ಅನ್ನುತ್ತಾರೆಂದು ಕಾದಳು, ಅನ್ನಲಿ ಎಂದೂ ಬಯಸಿದಳು. "ಆಯ್ತು, ಅವ್ಳಿಗೆ ಕೊಡಿ" ಎಂದರು.

ಕೀರ್ತನಾ ಫೋನ್ ತೆಗೆದುಕೊಂಡು ಗೋಡೆಯ ಕಡೆ ತಿರುಗಿದಳು. "ಹೂಂ ಅಪ್ಪ... ಇಲ್ಲ, ಬಿಡಲ್ಲ... ಕಾಲೇಜಿನವ್ರಿಗೆ ನಾನೇ ಹೇಳ್ತೀನಿ... ಇವತ್ತು ಲೇಟಾಗುತ್ತೆ, ಕೆಲ್ಸ ಇದೆ." ಆಮೇಲೆ ಬೆನ್ನು ಹಾಕಿಕೊಂಡೇ, ದುಪಟ್ಟಾದ ತುದಿಯಿಂದ ಮುಖ ಒರೆಸಿಕೊಂಡಳು. ಲ್ಯಾಬಿಗೆ ಮರಳಿ ಇಬ್ಬರೂ ತಮ್ಮ ತಮ್ಮ ಕುರ್ಚಿಗಳಲ್ಲಿ ಕೂತರು. ಚಹಾಕ್ಕೆ ಹೋದವರು ವಾಪಸಾಗಿ, ಯಾವುದೋ ಕ್ರಿಕೆಟ್ ಮಾತು ಮುಂದುವರಿಸುತ್ತಿದ್ದರು.

"ಮೇಡಂ" ಎಂದಳು ಕೀರ್ತನಾ.

ಬೇರೆ ಯಾರನ್ನೋ ಕರೆದಳೆಂದು ರಾಗಿಣಿ ಬಾಗಿಲ ಕಡೆ ನೋಡಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ.

"ಆ ತಾರೀಕುಗಳ ಪಟ್ಟಿ ನಂಗೆ ಕಳ್ಸಿ ಮೇಡಂ. ಎಲ್ಲಾ ಜೋಡಿನೂ ಮೊದಲಿಂದ ನಾನೇ ನೋಡ್ತೀನಿ."

"ಕಳಿಸ್ತೀನಿ" ಎಂದು ರಾಗಿಣಿ ಕಳಿಸಿದಳು. ಬಂತಾ ಎಂದು ಕೇಳಲು ತಿರುಗಿದರೆ, ಕೀರ್ತನಾ ಪರದೆಗೆ ಹತ್ತಿರವಾಗಿ ಬಾಗಿ ಮೊದಲ ಸಾಲನ್ನು ಓದುತ್ತಿದ್ದಳು.